ಹಳದಿ ತೆಗೆದ ಚಿತ್ರಗಳು

ಜೂನ್ 10

ತಮ್ಮಾ,

ಈ ಪೊಟ್ಟಣದಲ್ಲಿ ನಾಲ್ಕು ರೋಲುಗಳಿವೆ. ನಾಲ್ಕೂ ನನ್ನ ಮಗಳು ಸಿಡುಕಿಯ ಫೋಟೊಗೆ, ನಿನ್ನ ಸ್ಟುಡಿಯೊದ ಗಿರಾಕಿಗಳಿಗಲ್ಲ. ಲ್ಯಾಬಿನಲ್ಲಿ ಕೆಲಸದವರಿಗೆ ತಿಂಗಳಿಗೆ ಎರಡು ರೋಲು ಕೊಡುತ್ತಾರೆ. ಪಕ್ಕದ ಮಷಿನ್ನಿನವಳಿಗೆ ಫೋಟೊದ ಹುಚ್ಚಿಲ್ಲ, ಅವಳ ಪಾಲೂ ನನ್ನದೇ.

ಹನ್ನೆರಡು ವರ್ಷದಿಂದ ಸ್ಟುಡಿಯೊ ನಡೆಸುವವನಿಗೆ ಹೇಳಿಕೊಡುವುದು ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಆದರೂ ಹೇಳುತ್ತೇನೆ. ನೀನು ತೆಗೆಯುವವನು, ನಾನು ದಿನಕ್ಕೆ ಸಾವಿರ ನೆಗೆಟಿವ್ ನೋಡಿ ಬಣ್ಣ ಕೂಡಿಸುವವಳು. ನಿಮ್ಮ ತಪ್ಪುಗಳೆಲ್ಲ ಕೊನೆಗೆ ಬಂದು ಕೂರುವುದು ನನ್ನ ಮುಂದೆ.

ಇದು ನೂರರ ವೇಗದ ಫಿಲ್ಮು. ನಾನೂರರದ್ದು ಅವಸರದವರಿಗೆ, ಬಣ್ಣದಲ್ಲಿ ಮರಳು ಕಾಣುತ್ತದೆ. ಬೆಳಕಿನ ಮೀಟರನ್ನು ನೂರಕ್ಕೆ ಇಡಬೇಡ, ಅರವತ್ತನಾಲ್ಕಕ್ಕೆ ಇಡು. ನೆಗೆಟಿವ್ ಹೆಚ್ಚು ಬೆಳಕನ್ನು ಸಹಿಸುತ್ತದೆ, ಕಡಿಮೆ ಬೆಳಕನ್ನು ಸಹಿಸುವುದಿಲ್ಲ. ನೆರಳು ಕೆಸರಾಗಿ ಬಂದರೆ ಅದರಲ್ಲಿ ಇಲ್ಲದ ಬಣ್ಣವನ್ನು ನಾನು ಎಲ್ಲಿಂದ ತರಲಿ? ಮುಖದ ನೆರಳಿನ ಬದಿಗೆ ಮೀಟರು ಹಿಡಿ. ಮಧ್ಯಾಹ್ನದ ಬಿಸಿಲು ಬೇಡ. ಬಾಗಿಲಲ್ಲಿ ಹೊರಗೆ ಮುಖ ಮಾಡಿ ನಿಲ್ಲಿಸು. ಬಲ್ಬು ಉರಿಯುತ್ತಿದ್ದರೆ ಆರಿಸು. ಹಿಂದೆ ನಿಮ್ಮ ಬಿಳಿ ಗೋಡೆ ಇರಲಿ, ಮೈಮೇಲೆ ಕೆಂಪು ಸ್ವೆಟರು.

ನಾನಿರುವ ಹಾಸ್ಟೆಲಿನಲ್ಲಿ ಮಕ್ಕಳನ್ನು ಇಟ್ಟುಕೊಳ್ಳಲು ಬಿಡುವುದಿಲ್ಲ ಎಂದು ನಿನಗೆ ಗೊತ್ತು. ಲ್ಯಾಬಿನ ಎರಡು ಕೋಣೆಯ ಮನೆಗಳ ಪಟ್ಟಿಯಲ್ಲಿ ಈಗ ನನ್ನದು ಮೂರನೆಯ ಹೆಸರು. ಅದು ಮೇಲೆ ಬರುವವರೆಗೆ ನನಗೆ ಮಗಳು ಎಂದರೆ ಈ ರೋಲುಗಳೇ.

ಅಕ್ಕ

*

ಜೂನ್ 29

ಅಕ್ಕಾ,

ಮೊದಲನೆಯ ರೋಲು ಕಳಿಸಿದ್ದೇನೆ. ಅರವತ್ತನಾಲ್ಕಕ್ಕೇ ಇಟ್ಟೆ.

ಸಿಡುಕಿಯನ್ನು ನಿಲ್ಲಿಸುವುದೇ ಕಷ್ಟ. "ಮಾವ, ನಾನೇನು ಕಳ್ಳೀನಾ, ಗೋಡೆಗೆ ಒತ್ತಿ ನಿಲ್ಸಿ ಫೋಟೊ ತೆಗೀತೀಯಲ್ಲ?" ಎಂದಳು. ಇದು ನಿಮ್ಮಮ್ಮನ ಆಜ್ಞೆ ಎಂದೆ. "ಹಾಗಾದ್ರೆ ಅಮ್ಮನ್ನೇ ಬಂದು ನಿಲ್ಸೋಕೆ ಹೇಳು." ಹನ್ನೊಂದು ವರ್ಷಕ್ಕೆ ಇಷ್ಟು ನಾಲಿಗೆ. ನನ್ನವಳು ಒಳಗಿನಿಂದ, "ಸೋದರಮಾವನ ನಾಲಿಗೇನೇ ಬಂದಿರೋದು, ಇನ್ಯಾರದು ಬರುತ್ತೆ?" ಎಂದಳು. ಅತ್ತೆ ಸೊಸೆ ಇಬ್ಬರೂ ನನ್ನ ವಿರುದ್ಧ ಒಂದಾಗಿದ್ದಾರೆ.

ಎದುರಿನ ಬೀದಿಯ ಮುದುಕ ಸ್ಟುಡಿಯೊ ಮುಚ್ಚಿದ. ಬಾಗಿಲ ಮೇಲಿನ ಬೋರ್ಡು ಇಳಿಸುವಾಗ ನಾನೇ ಏಣಿ ಹಿಡಿದೆ. ಊರಿನಲ್ಲಿ ಈಗ ನಾನೊಬ್ಬನೇ. ಇದರಿಂದ ಸಂತೋಷವಾಗಬೇಕಿತ್ತು.

ತಮ್ಮ

*

ಜುಲೈ 21

ತಮ್ಮಾ,

ಮೊದಲ ರೋಲಿನ ಪ್ರಿಂಟು ಆಗಲೇ ನಿನಗೆ ತಲುಪಿರಬೇಕು. ಅದು ಹೇಗಿತ್ತು ಎಂದರೆ ನಮ್ಮ ಸೂಪರ್‌ವೈಸರೇ ಬಂದು ನಿಂತು ನೋಡಿದರು. ಕೆಂಪು ಎಂದರೆ ಕೆಂಪು. ನನ್ನ ಕೈಗೆ ಕೆಲಸವೇ ಇರಲಿಲ್ಲ. ಬಾಗಿಲಲ್ಲಿ ಮೂತಿ ಊದಿಸಿಕೊಂಡು ನಿಂತಿರುವ ಚಿತ್ರವನ್ನು ಮಂಚದ ತಲೆಕಡೆ ಅಂಟಿಸಿದ್ದೇನೆ.

ಎರಡನೆಯ ರೋಲು ಹಾಗಿಲ್ಲ. ಅಂಚಿನಲ್ಲಿ ಅದೇ ಫಿಲ್ಮಿನ ಹೆಸರಿದೆ, ಆದರೆ ಬಿಸಿ ತಗಲಿದ ಹಾಗೆ ಫಿಲ್ಮಿನ ತಳವೇ ಮಬ್ಬು. ರೋಲುಗಳನ್ನು ಒಲೆಯ ಪಕ್ಕ ಇಟ್ಟಿದ್ದೀಯೇನು? ಮುಖಕ್ಕೆ ಹಳದಿ ಹತ್ತಿದೆ. ಸಂಜೆ ಬಲ್ಬಿನ ಬೆಳಕಿನಲ್ಲಿ ತೆಗೆದೆಯಾ? ನಿಜ ಹೇಳು, ಬೈಯುವುದಿಲ್ಲ.

ಹಳದಿ ಹೆಚ್ಚಾದರೆ ಮಷಿನ್ನಿನಲ್ಲಿ ಹಳದಿಯ ಗುಂಡಿಯನ್ನೇ ಇನ್ನೂ ಒತ್ತಬೇಕು, ಆಗ ಪ್ರಿಂಟಿನಲ್ಲಿ ಕಡಿಮೆಯಾಗುತ್ತದೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಇದನ್ನು ಒಪ್ಪಿಸಲು ಒಂದು ವಾರ ಬೇಕು. ನನಗೆ ಈಗ ಯೋಚನೆಯೂ ಬೇಡ, ಬೆರಳು ತಾನೇ ಹೋಗುತ್ತದೆ. ಸಿಡುಕಿಗೆ ಎರಡು ಸಲ ಒತ್ತಿದೆ. ಸರಿಹೋಯಿತು.

ಅಕ್ಕ

*

ಆಗಸ್ಟ್ 8

ಅಕ್ಕಾ,

ಬಲ್ಬೇ. ಮೋಡದ ದಿನ, ಬೆಳಕು ಸಾಲಲಿಲ್ಲ, ಹಾಕಿದೆ. ಇನ್ನು ಮೇಲೆ ಹಾಗಾಗುವುದಿಲ್ಲ.

ಎರಡನೆಯ ರೋಲಿನ ಪ್ರಿಂಟುಗಳು ಬಂದವು. ನೀನು ಸರಿಮಾಡಿದ ಮೇಲೆ ನನ್ನ ತಪ್ಪು ಎಲ್ಲಿತ್ತು ಎಂದೇ ಗೊತ್ತಾಗುವುದಿಲ್ಲ. ಸಿಡುಕಿ ಅವನ್ನು ಒಂದೊಂದಾಗಿ ಬಹಳ ಹೊತ್ತು ನೋಡಿದಳು. ಮತ್ತೆ ಲಕೋಟೆಗೆ ಹಾಕಿಟ್ಟಳು.

ಅವಳು ಈಚೆಗೆ ಸಿಡುಕುವುದು ಕಡಿಮೆಯಾಗಿದೆ. ಶಾಲೆಯಿಂದ ಬಂದು ಮಲಗುತ್ತಾಳೆ. ಊಟಕ್ಕೆ ಕೂತರೆ ತಟ್ಟೆಯಲ್ಲಿ ಬೆರಳಿನಿಂದ ಗೆರೆ ಎಳೆಯುತ್ತಾಳೆ. ಸ್ವೆಟರಿನ ಉಣ್ಣೆ ಆಗುವುದಿಲ್ಲವೆಂದು ಕೈ ಕೆರೆದುಕೊಳ್ಳುತ್ತಾಳೆ. "ದೊಡ್ಡವಳಾಗ್ತಿದಾಳೆ, ಬುದ್ಧಿ ಬರ್ತಿದೆ" ಎಂದೆ. "ಬುದ್ಧಿ ಬಂದ್ರೆ ಹಸಿವು ಹೋಗುತ್ತಾ? ಹಾಗಾದ್ರೆ ನಿಮ್ಗೆ ಇನ್ನೂ ಬಂದಿಲ್ಲ ಬಿಡಿ" ಎಂದಳು ಇವಳು.

ಮನೆಯಲ್ಲಿ ಶಾಂತಿ ಇದೆ. ಅಭ್ಯಾಸವಿಲ್ಲದ್ದರಿಂದ ಒಂದು ರೀತಿ ಆಗುತ್ತದೆ.

ತಮ್ಮ

*

ಸೆಪ್ಟೆಂಬರ್ 12

ತಮ್ಮಾ,

ಕಳ್ಳ! ಒಂದು ಮಾತು ಹೇಳಲಿಲ್ಲ. ಲ್ಯಾಬಿನ ಕೌಂಟರಿನಲ್ಲಿ ಯಾರೋ ಬಿಟ್ಟುಹೋದ ಪತ್ರಿಕೆ ತಿರುವುತ್ತಿದ್ದೆ, ಸ್ಪರ್ಧೆಯ ಪುಟದಲ್ಲಿ ನಿನ್ನ ಹೆಸರು, ಪಕ್ಕದಲ್ಲಿ ನಿನ್ನ ಮುಖದ ಸಣ್ಣ ಚಿತ್ರ. ಮೂರನೆಯ ಬಹುಮಾನ. ಬಣ್ಣದ ಕಾರ್ಖಾನೆಯ ಅಂಗಳದಲ್ಲಿ ಒಣಗಲು ಹಾಕಿದ ಕೆಂಪು ನೂಲು, ನಡುವೆ ನೀಲಿ ಕೈಯ ಕೆಲಸದವನು. ಅಂಥ ನೀಲಿಯನ್ನು ಒಂದೇ ಸಲಕ್ಕೆ ಹಿಡಿಯುವುದು ಹುಡುಗಾಟವಲ್ಲ. ಎಲ್ಲರಿಗೂ ತೋರಿಸಿದೆ. ಪಕ್ಕದ ಮಷಿನ್ನಿನವಳು, "ನಿನ್ನ ತಮ್ಮನೇನೇ? ನೋಡೋಕೆ ನಿನ್ನ ಹಾಗೆ ಮಂಕಾಗಿದಾನೆ, ಫೋಟೊ ಮಾತ್ರ ಜೋರು" ಎಂದಳು.

ಯಾವ ಫಿಲ್ಮು ಹಾಕಿದ್ದೆ? ಪ್ರಿಂಟು ಎಲ್ಲಿ ಮಾಡಿಸಿದೆ? ನಮ್ಮಲ್ಲಿಗೇ ಕಳಿಸಬಹುದಿತ್ತಲ್ಲ.

ಹೊಸ ನಾಲ್ಕು ರೋಲು ಇದರ ಜೊತೆ ಇವೆ. ಹಿಂದಿನ ಎರಡರಲ್ಲೂ ಅದೇ ಮಬ್ಬು, ಅದೇ ಹಳದಿ. ಒಂದು ಕೈಯಲ್ಲಿ ಅಂಥ ನೀಲಿ, ಇನ್ನೊಂದು ಕೈಯಲ್ಲಿ ಹೀಗೆ. ಸೊಸೆಯ ಫೋಟೊ ತೆಗೆಯುವಾಗ ನಿದ್ದೆ ಮಾಡುತ್ತೀಯೇನು?

ಪಟ್ಟಿಯಲ್ಲಿ ಈಗ ನನ್ನದು ಮೊದಲ ಹೆಸರು. ಮಧ್ಯೆ ದೊಡ್ಡ ರಜೆ ಹಾಕದಿದ್ದರೆ ಡಿಸೆಂಬರಿಗೆ ಬೀಗದ ಕೈ.

ಅಕ್ಕ

*

ಸೆಪ್ಟೆಂಬರ್ 20

ಅಕ್ಕಾ,

ಇದನ್ನು ಅಂಚೆಗೆ ಹಾಕುತ್ತೇನೋ ಇಲ್ಲವೋ ಗೊತ್ತಿಲ್ಲ. ಬರೆದು ನೋಡುತ್ತೇನೆ.

ಆ ಕೆಂಪು ನೂಲು ನಿನ್ನ ಫಿಲ್ಮಿನದು. ನೀನು ಕಳಿಸಿದ ರೋಲುಗಳಲ್ಲಿ ಮೊದಲನೆಯದನ್ನು ಮಾತ್ರ ಸಿಡುಕಿಗೆ ಹಾಕಿದೆ. ಅದರ ಪ್ರಿಂಟು ನೋಡಿದ ಮೇಲೆ ಉಳಿದವನ್ನು ಗೋಡೆಯ ಮುಂದೆ ನಿಂತ ಒಂದು ಮಗುವಿಗಾಗಿ ಖರ್ಚು ಮಾಡಲು ಮನಸ್ಸು ಬರಲಿಲ್ಲ. ಹೀಗೆ ಬರೆದದ್ದನ್ನು ಓದಿದರೆ ನನಗೇ ಅಸಹ್ಯವಾಗುತ್ತದೆ. ಆದರೆ ಆಗ ಅನ್ನಿಸಿದ್ದು ಅದೇ. ಹನ್ನೆರಡು ವರ್ಷ ಗುರುತಿನ ಚೀಟಿಯ ಮುಖಗಳನ್ನೇ ತೆಗೆದಿದ್ದೇನೆ. ಒಂದು ಸಲ ಬಣ್ಣ ತೆಗೆಯಬೇಕೆನಿಸಿತು. ನಿನಗೆ ಗೊತ್ತಾಗದಿರಲೆಂದು ಬೇರೆ ಲ್ಯಾಬಿಗೆ ಕಳಿಸಿದೆ.

ಸಿಡುಕಿಗೆ ಹಾಕುತ್ತಿರುವುದು ಮುದುಕ ಸ್ಟುಡಿಯೊ ಮುಚ್ಚುವಾಗ ಕೊಟ್ಟ ರೋಲುಗಳು. ಅದೇ ಹೆಸರಿನ ಫಿಲ್ಮು, ಆದರೆ ಡಬ್ಬಿಯ ಮೇಲಿನ ತಾರೀಖು ದಾಟಿ ನಾಲ್ಕು ವರ್ಷವಾಗಿದೆ. ತಗಡಿನ ಮಾಡಿನ ಕೆಳಗೆ ಬೆಂದಿವೆ. ಮಬ್ಬು ಅದರದು, ಹಳದಿಯೂ ಅದರದೇ. ಬಲ್ಬು ನಾನು ಹಾಕಲೇ ಇಲ್ಲ.

ಮಾಡಿದ್ದು ಇಷ್ಟೇ. ಬರೆಯುವಾಗ ಮಾತ್ರ ಇದಕ್ಕಿಂತ ದೊಡ್ಡದು ಏನೋ ಮಾಡಿದವನಂತೆ ಅನ್ನಿಸುತ್ತದೆ.

*

ಸೆಪ್ಟೆಂಬರ್ 20

ಅಕ್ಕಾ,

ರೋಲುಗಳು ತಲುಪಿದವು. ಬಹುಮಾನದ ವಿಷಯ ದೊಡ್ಡದೇನಲ್ಲ. ಇಲ್ಲೇ ಅಂಗಡಿಯಲ್ಲಿ ಸಿಕ್ಕಿದ ಫಿಲ್ಮು, ಗಡಿಬಿಡಿಯಲ್ಲಿ ಹತ್ತಿರದ ಲ್ಯಾಬಿಗೆ ಕೊಟ್ಟೆ. ಅದೃಷ್ಟ.

ಸಿಡುಕಿ ಚೆನ್ನಾಗಿದ್ದಾಳೆ. ಬಲ್ಬು ಆರಿಸುವುದನ್ನು ಮರೆಯುವುದಿಲ್ಲ.

ತಮ್ಮ

*

ಅಕ್ಟೋಬರ್ 15

ತಮ್ಮಾ,

ಈ ಸಲದ ರೋಲು ಹಗಲಿನದೇ ಎಂದು ನೆರಳು ನೋಡಿದರೆ ಗೊತ್ತಾಗುತ್ತದೆ. ಆದರೂ ಮುಖ ಹಳದಿ. ಐದು ಸಲ ಒತ್ತಬೇಕಾಯಿತು. ಮುಖ ಸರಿಯಾಯಿತು, ಹಿಂದಿನ ಗೋಡೆ ನೀಲಿಯಾಯಿತು. ಗೋಡೆಯನ್ನು ಬಿಳಿ ಮಾಡಿದರೆ ಮುಖ ಹಳದಿ. ಎರಡೂ ಒಟ್ಟಿಗೆ ಸರಿಯಾಗುತ್ತಿಲ್ಲ. ಒಂದೇ ಚಿತ್ರವನ್ನು ಏಳು ಸಲ ಪ್ರಿಂಟು ಮಾಡಿದೆ. ಕೊನೆಗೆ ಮುಖವನ್ನೇ ಆರಿಸಿಕೊಂಡೆ. ಗೋಡೆಯನ್ನು ಯಾರು ನೋಡುತ್ತಾರೆ?

ನಿಮ್ಮ ಗೋಡೆಗೆ ಹೊಸದಾಗಿ ಸುಣ್ಣ ಹೊಡೆಸಿ ನೀಲಿ ಜಾಸ್ತಿ ಹಾಕಿಸಿದ್ದೀಯಾ? ಇದೊಂದಕ್ಕೆ ಸರಿಯಾಗಿ ಉತ್ತರ ಬರೆ. ಬೇರೆ ಎಲ್ಲ ಬಿಡು.

ಅವಳು ಊಟ ಮಾಡುತ್ತಾಳೆ ತಾನೆ?

ಅಕ್ಕ

*

ಅಕ್ಟೋಬರ್ 24

ಅಕ್ಕಾ,

ಹೌದು, ಸುಣ್ಣ ಹೊಡೆಸಿದೆ. ನೀಲಿ ಹೆಚ್ಚಾಯಿತು. ನೀನು ಅಲ್ಲಿಂದಲೇ ಕಂಡುಹಿಡಿದೆಯಲ್ಲ ಎಂದು ಇವಳಿಗೂ ಆಶ್ಚರ್ಯ.

ಊಟ ಮಾಡುತ್ತಾಳೆ.

ತಮ್ಮ

*

ಡಿಸೆಂಬರ್ 18

ತಮ್ಮಾ,

ನೀನು ಊರಿಗೆ ಹಿಂತಿರುಗಿ ಹನ್ನೆರಡು ದಿನವಾಯಿತು. ಆಸ್ಪತ್ರೆಯಲ್ಲಿ ನಾವು ಮಾತಾಡಲಿಲ್ಲ. ಔಷಧಿಯ ಚೀಟಿ, ಬಿಸಿನೀರು, ಯಾರು ಮಲಗುವುದು, ಯಾರು ಕೂರುವುದು, ಅಷ್ಟೇ ಆಯಿತು. ಆದ್ದರಿಂದ ಬರೆಯುತ್ತೇನೆ.

ಮೊನ್ನೆ ಹೊಲಿಗೆ ಬಿಚ್ಚಿದರು. ಕೋಣೆಯೊಳಗೆ ಓಡಾಡುತ್ತಾಳೆ. ಪಿತ್ತನಾಳದ ಗಂಟು ಹುಟ್ಟಿನಿಂದಲೇ ಇತ್ತಂತೆ, ಅದು ಯಾರ ತಪ್ಪೂ ಅಲ್ಲ. ಆದರೆ ನಾಲ್ಕು ತಿಂಗಳು ಪಿತ್ತ ಕಟ್ಟಿ ಯಕೃತ್ತಿನ ಒಂದು ಭಾಗ ಗಟ್ಟಿಯಾಗಿದೆ. ಅದು ತಿರುಗಿ ಮೆತ್ತಗಾಗುವುದಿಲ್ಲ. "ಜೀವಕ್ಕೇನೂ ಇಲ್ಲ ಈಗ. ಆದ್ರೆ ಜೀವನಪೂರ್ತಿ ನೋಡ್ಕೋತಾ ಇರ್ಬೇಕು" ಎಂದರು ಡಾಕ್ಟರು. ಆಮೇಲೆ ಕೇಳಿದರು, "ಕಣ್ಣು ಅಷ್ಟು ಹಳದಿ ಇತ್ತಲ್ಲಮ್ಮ, ಮನೇಲಿ ಯಾರೂ ನೋಡ್ಲೇ ಇಲ್ವಾ?"

ಶಾಲೆಯಲ್ಲಿ ಬಿದ್ದಳು ಎಂದು ನೀನು ಲ್ಯಾಬಿಗೆ ಫೋನು ಮಾಡಿದಾಗ ನಾನು ಅವಳದೇ ರೋಲಿನ ಮುಂದೆ ಕೂತಿದ್ದೆ. ಮರುದಿನ ನೀನು ಅವಳನ್ನು ಇಲ್ಲಿನ ಆಸ್ಪತ್ರೆಗೆ ತಂದಾಗ ವಾರ್ಡಿನಲ್ಲಿ, ಕಿಟಕಿಯ ಬೆಳಕಿನಲ್ಲಿ ಅವಳ ಮುಖ ನೋಡಿದೆ. ನೋಡಿದ ಕೂಡಲೇ ನನ್ನ ಬಲಗೈಯ ಬೆರಳು ಮಂಚದ ಕಬ್ಬಿಣವನ್ನು ಒತ್ತಿತು. ಒಂದು, ಎರಡು, ಮೂರು. ನೀನು ಪಕ್ಕದಲ್ಲೇ ಇದ್ದೆ, ನೋಡಿದೆಯೋ ಇಲ್ಲವೋ. ಆ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತೆ.

ಮಷಿನ್ನು ಬಿಟ್ಟಿದ್ದೇನೆ. ಪ್ರಿಂಟುಗಳನ್ನು ಎಣಿಸಿ ಲಕೋಟೆಗೆ ಹಾಕುವ ಮೇಜಿಗೆ ಕೇಳಿ ಹೋದೆ. ಸೂಪರ್‌ವೈಸರು, "ಹದಿನಾಲ್ಕು ವರ್ಷದ ಕೈ, ಹಾಳು ಮಾಡ್ಕೋಬೇಡಿ" ಎಂದರು. ಹಾಳಾಗಿದೆ ಎಂದೆ. ರಜೆ ಹಾಕಿದ್ದರಿಂದ ಲ್ಯಾಬಿನ ಮನೆ ಬೇರೆಯವರಿಗೆ ಹೋಯಿತು. ನಮ್ಮಿಬ್ಬರಿಗೆ ಒಂದು ಬಾಡಿಗೆ ಕೋಣೆ ಹಿಡಿದಿದ್ದೇನೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನೀನು ನಾನು ಹೇಳಿದ ಹಾಗೆಯೇ ಮಾಡಿದೆ. ಒಳ್ಳೆಯ ಫಿಲ್ಮು ಹಾಕಿದೆ, ಬಲ್ಬು ಆರಿಸಿದೆ. ಫಿಲ್ಮು ಕಂಡದ್ದನ್ನು ಕಂಡ ಹಾಗೆಯೇ ಕಳಿಸಿತು. ನಾನು ತಿಂಗಳು ತಿಂಗಳೂ ಅದನ್ನು ಅಳಿಸಿದೆ. ಹೆತ್ತವಳೇ.

ಅಕ್ಕ

*

ಡಿಸೆಂಬರ್ 30

ಅಕ್ಕಾ,

ನಿನ್ನ ಪತ್ರಕ್ಕೆ ಉತ್ತರವನ್ನು ಮೂರು ಸಲ ಬರೆದು ಹರಿದೆ. ನೀನು ನನ್ನನ್ನು ಬೈದಿದ್ದರೆ ಸುಮ್ಮನಿರಬಹುದಿತ್ತು. ಸಿಟ್ಟಿಲ್ಲ ಎಂದು ಬರೆದೆಯಲ್ಲ, ಆ ಮಾತನ್ನು ಇಟ್ಟುಕೊಳ್ಳಲು ನನ್ನ ಮನೆಯಲ್ಲಿ ಜಾಗವಿಲ್ಲ.

ಇದರ ಜೊತೆ ಸೆಪ್ಟೆಂಬರ್ 20ರ ಒಂದು ಪತ್ರ ಇದೆ. ಆವತ್ತು ಎರಡು ಬರೆದಿದ್ದೆ, ಸುಳ್ಳಿರುವುದನ್ನು ಕಳಿಸಿದೆ. ಮೊದಲು ಇದನ್ನು ಓದು. ಓದಿದ ಮೇಲೆ ಮುಂದಕ್ಕೆ ಓದು.

ಓದಿದೆ ಎಂದುಕೊಳ್ಳುತ್ತೇನೆ. ಫಿಲ್ಮನ್ನು ಕದ್ದದ್ದು ಸಣ್ಣ ವಿಷಯ ಎಂದು ಆಗ ಅಂದುಕೊಂಡಿದ್ದೆ. ಆದರೆ ಅದನ್ನು ಮುಚ್ಚಲು ಉಳಿದದ್ದೆಲ್ಲ ಮಾಡಿದೆ. ನೀನು ಹಳದಿ ಯಾಕೆ ಎಂದು ಕೇಳಿದಾಗಲೆಲ್ಲ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ನನ್ನ ಕಣ್ಣಿಗೆ ಅದು ಯಾವಾಗಲೂ ಮುದುಕನ ಫಿಲ್ಮಿನ ಹಳದಿ. ದಿನಾ ನನ್ನ ಎದುರು ಕೂತು ಊಟ ಬಿಡುತ್ತಿದ್ದವಳ ಹಳದಿ ಎಂದು ತೋಚಲೇ ಇಲ್ಲ.

ಸುಣ್ಣ ನಾನು ಹೊಡೆಸಲಿಲ್ಲ. ಗೋಡೆ ಬಿಳಿಯಾಗಿಯೇ ಇತ್ತು, ಈಗಲೂ ಇದೆ. ಅದರ ಎದುರು ಕೂತೇ ಬರೆಯುತ್ತಿದ್ದೇನೆ. ಸರಿಯಾಗಿ ಉತ್ತರ ಬರೆ ಎಂದಿದ್ದೆ. ಗೋಡೆ ಬಿಳಿ ಎಂದರೆ ಮುಂದಿನ ಪ್ರಶ್ನೆ ಫಿಲ್ಮಿನದು ಬರುತ್ತದೆ ಎಂದು ಹೆದರಿದೆ.

ಇನ್ನೊಂದು ಉಳಿದಿದೆ. ಇದನ್ನು ಇವಳು ನಿನಗೆ ಹೇಳಿಲ್ಲ, ನನ್ನ ಮಾನ ಉಳಿಸಲು. ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಸಿಡುಕಿಯ ತಲೆ ಬಾಚುತ್ತಾ ಇವಳು, "ರೀ, ಇಲ್ಲಿ ಬನ್ನಿ. ಇವಳ ಕಣ್ಣು ಯಾಕೋ ಹಳದಿ ಇದೆಯಲ್ವಾ?" ಎಂದಳು. ನಾನು ಹತ್ತಿರ ಹೋಗಲಿಲ್ಲ. ಮೇಜಿನ ಮೇಲೆ ನೀನು ಕಳಿಸಿದ ಪ್ರಿಂಟುಗಳಿದ್ದವು, ಅದರಿಂದ ಒಂದು ಎತ್ತಿ ತೋರಿಸಿದೆ. "ನೋಡು, ಎಲ್ಲಿದೆ ಹಳದಿ? ಇದು ಲ್ಯಾಬಿಂದ ಬಂದಿರೋದು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತೆ, ಮೊದ್ಲು ನಿನ್ನ ಕಣ್ಣು ತೋರಿಸ್ಕೋ." ಹಾಸ್ಯ ಮಾಡಿದೆ, ಅಕ್ಕಾ. ಸಿಡುಕಿಯೂ ನಕ್ಕಳು. ಅವಳು ನಕ್ಕಿದ್ದರಿಂದ ಇವಳು ಸುಮ್ಮನಾದಳು.

ಆ ಪ್ರಿಂಟಿನ ಹಳದಿಯನ್ನು ನೀನು ತೆಗೆದಿದ್ದೆ ಎಂದು ನನಗೆ ಗೊತ್ತಿತ್ತು. ಪತ್ರದಲ್ಲಿ ಐದು ಸಲ ಒತ್ತಿದೆ ಎಂದು ಬರೆದಿದ್ದೆ. ಅದನ್ನು ಓದಿದ ಮೇಲೆ ಅದೇ ಪ್ರಿಂಟನ್ನು ಸಾಕ್ಷಿಗೆ ಹಿಡಿದೆ. ಹೇಗೆ ಹಿಡಿದೆ ಎಂದು ಕೇಳಬೇಡ, ನನಗೂ ಗೊತ್ತಿಲ್ಲ.

ಮಷಿನ್ನಿಗೆ ವಾಪಸು ಹೋಗು. ನಿನ್ನ ಕೈ ಹಾಳಾಗಿಲ್ಲ. ನಿನಗೆ ತಪ್ಪು ಮಾತು ಹೇಳಿದವನು ನಾನು.

ತಮ್ಮ

*

ಜನವರಿ 22

ತಮ್ಮಾ,

ಎರಡು ಪತ್ರಗಳನ್ನೂ ಓದಿದೆ. ಮೂರು ವಾರ ಉತ್ತರ ಬರೆಯಲಿಲ್ಲ. ಸಿಟ್ಟು ಇತ್ತು, ಈಗಲೂ ಇದೆ. ರೋಲುಗಳನ್ನು ಕೇಳಿದ್ದರೆ ನಿನಗೇ ಕೊಡುತ್ತಿದ್ದೆ. ಪಕ್ಕದವಳ ಪಾಲು ಇತ್ತಲ್ಲ. ಕೇಳಲು ಏನಾಗಿತ್ತು ನಿನಗೆ?

ಆದರೆ ತಪ್ಪನ್ನೆಲ್ಲ ನಿನಗೇ ಬಿಟ್ಟುಕೊಡಲು ನನ್ನಿಂದ ಆಗುವುದಿಲ್ಲ. ಹಳೆಯ ಫಿಲ್ಮು ಕೆಟ್ಟರೆ ಇಡೀ ಚಿತ್ರ ಕೆಡುತ್ತದೆ, ಮುಖಕ್ಕೊಂದು ಗೋಡೆಗೊಂದು ಎಂದು ಭೇದ ಮಾಡುವುದಿಲ್ಲ. ಬಲ್ಬಿನ ಬೆಳಕೂ ಹಾಗೆಯೇ. ಗೋಡೆ ಬಿಳಿಯಾಗಿ ಬಂದು ಮುಖ ಮಾತ್ರ ಹಳದಿಯಾಗಿ ಬಂದರೆ ಹಳದಿ ಮುಖದಲ್ಲೇ ಇದೆ. ಕೆಲಸಕ್ಕೆ ಸೇರಿ ಆರು ತಿಂಗಳಾದವರಿಗೂ ಇದು ಗೊತ್ತು. ಏಳು ಪ್ರಿಂಟು ಮಾಡಿದೆ ಎಂದು ಬರೆದಿದ್ದೆನಲ್ಲ. ಮೂರನೆಯದಕ್ಕೇ ನನಗೆ ಗೊತ್ತಾಗಿತ್ತು. ಉಳಿದ ನಾಲ್ಕನ್ನು ಯಾಕೆ ಮಾಡಿದೆ?

ಮೊದಲ ಹೆಸರು ನನ್ನದಿತ್ತು. ರಜೆ ಹಾಕಿದರೆ ಹೋಗುತ್ತಿತ್ತು. ಹಾಗೆಂದು ಮನಸ್ಸಿನಲ್ಲಿ ಲೆಕ್ಕ ಹಾಕಿದೆ ಎನ್ನಲಾರೆ. ಹಾಕಲಿಲ್ಲ ಎನ್ನಲೂ ಆರೆ. ಒಂದು ಪ್ರಶ್ನೆ ಮಾಡಿ, ಅದಕ್ಕೆ ಬೇಕಾದ ಉತ್ತರವನ್ನೂ ಪ್ರಶ್ನೆಯ ಒಳಗೇ ಇಟ್ಟು ನಿನಗೆ ಕಳಿಸಿದೆ. ಸುಣ್ಣ ಎಂಬ ಮಾತು ನನ್ನದು. ನೀನು ಹೌದು ಎಂದೆ. ಆ ಕಾಗದ ಬಂದ ದಿನ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಮಷಿನ್ನಿಗೆ ಹೋಗುವುದಿಲ್ಲ. ಲಕೋಟೆಯ ಮೇಜು ಸಾಕು.

ನಿನ್ನೆ ನಿನ್ನ ಪತ್ರವನ್ನು ಸಿಡುಕಿಗೆ ಓದಿ ಹೇಳಿದೆ, ಅವಳಿಂದ ಇನ್ನೇನನ್ನೂ ಮುಚ್ಚಬಾರದು ಎಂದು. ಕಾಮಾಲೆ ಕಣ್ಣಿನ ಮಾತು ಬಂದಾಗ ತಲೆ ಎತ್ತಿದಳು.

"ನಂಗೆ ಗೊತ್ತಿತ್ತು" ಎಂದಳು.

"ಏನು ಗೊತ್ತಿತ್ತು?"

"ಹಳದಿ ಇದೀನಿ ಅಂತ. ಶಾಲೆ ಕನ್ನಡೀಲಿ ದಿನಾ ನೋಡ್ಕೋತಿದ್ದೆ. ಕಣ್ಣು ಕೂಡ."

"ಮತ್ತೆ ಹೇಳೋದಲ್ವೇನೇ ಮಾರಾಯ್ತಿ! ಅತ್ತೆಗಾದ್ರೂ ಹೇಳೋದಲ್ವಾ?"

"ಫೋಟೊದಲ್ಲಿ ಇರ್ತಿರಲಿಲ್ಲವಲ್ಲ. ನೀನು ಅದನ್ನ ತೆಗೆದು ಕಳಿಸ್ತಿದ್ದೆ. ನಿಂಗೆ ಹಾಗಿದ್ರೆ ಇಷ್ಟ ಇಲ್ಲ ಅನ್ಕೊಂಡೆ." ಬಾಳೆಹಣ್ಣು ಕೈಗೆತ್ತಿಕೊಂಡು, "ಮಾವಂಗೂ" ಎಂದಳು. ಆಮೇಲೆ ಏನೂ ಆಗದವಳ ಹಾಗೆ ಅದರ ಸಿಪ್ಪೆ ಸುಲಿಯುತ್ತಾ ಕೂತಳು.

ನಾನು ಅವಳಿಗೆ ನನ್ನ ಪಾಲಿನ ಉತ್ತರ ಕೊಟ್ಟೆ. ಏನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ. ನಿನ್ನ ಪಾಲಿನದು ಉಳಿದಿದೆ. ಅದನ್ನು ಕಾಗದದಲ್ಲಿ ಬರೆದು ಕಳಿಸಬೇಡ, ನಾನು ಓದಿ ಹೇಳುವುದಿಲ್ಲ. ಶನಿವಾರ ಬೆಳಿಗ್ಗೆಯ ಬಸ್ಸಿಗೆ ಬಂದರೆ ಹಗಲಿರುವಾಗಲೇ ಮುಟ್ಟುತ್ತೀಯ. ಕ್ಯಾಮೆರಾ ತರಬೇಡ.

ಅಕ್ಕ